ಕೆಳಗೆ ಬೈಂಡಿಂಗ್, ಮೇಲೆ ಪಬ್ಲಿಕೇಷನ್: ಪುಣೆಯ ಒಂದೇ ಕಟ್ಟಡದ ಎರಡು ಅಂಗಡಿಗಳಿಗೆ ನನ್ನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಅಂಗಡಿಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಮೇಲಿನದಕ್ಕೆ ಒಂದು, ಅದೂ ಸೊನ್ನೆ ಕೊಡಲು ಬರುವುದಿಲ್ಲ ಅಂತ. ಎರಡರ ಹೆಸರೂ ಹಾಕುವುದಿಲ್ಲ. ಕೆಳಗಿನ ಅಣ್ಣನವರನ್ನು ಕೇಳಿದೆ, "ಈಗ ಬರೋ ಮಂದೀನ ಸಂಭಾಳಿಸಾಕ ಆಗವಲ್ದು, ಬ್ಯಾಡ್ರಿ ಅಕ್ಕಾರ" ಅಂದರು. ಮೇಲಿನವರ ಹೆಸರು ಹಾಕಿ ರಗಳೆ ಮೈಮೇಲೆ ಎಳೆದುಕೊಳ್ಳುವ ತಾಕತ್ತು ನನಗಿಲ್ಲ. ಮೇಲಾಗಿ ಅವರು ನನ್ನ ಕಣ್ಣೆದುರೇ ಎರಡು ಸಲ ಬೋರ್ಡ್ ಬದಲಿಸಿದ್ದಾರೆ, ಹೆಸರು ಹೇಳಿದರೂ ನಿಮಗೆ ಸಿಗಲಿಕ್ಕಿಲ್ಲ. ಆದರೆ ಇಂಥ ಜೋಡಿ ಊರೂರಲ್ಲೂ ಇದೆ. ಥೀಸಿಸ್ ಬೈಂಡ್ ಮಾಡುವ ಗಲ್ಲಿ ಎಲ್ಲಿದೆಯೋ ಅದರ ಸುತ್ತಮುತ್ತಲೇ ಜರ್ನಲ್ ಅನ್ನುವ ಸಂಶೋಧನಾ ಪತ್ರಿಕೆಗಳಲ್ಲಿ ಪೇಪರ್ (ಸಂಶೋಧನಾ ಲೇಖನ) "ಹಾಕಿಸಿಕೊಡುವವರು" ಇರುತ್ತಾರೆ.

ಜಾಗ ಅಪ್ಪಾ ಬಳವಂತ ಚೌಕದ ಒಂದು ಒಳಗಲ್ಲಿ. ಪುಸ್ತಕದಂಗಡಿಗಳ ಜಾಗ, ಇಲ್ಲಿನವರ ಬಾಯಲ್ಲಿ ಎಬಿಸಿ. ಗಾಡಿ ತರಬೇಡಿ. ಇವತ್ತು ರಸ್ತೆಯ ಯಾವ ಬದಿ ನಿಲ್ಲಿಸಬೇಕು ಅನ್ನುವ ಪಿ-ವನ್ ಪಿ-ಟೂ ಲೆಕ್ಕ ತಪ್ಪಿದರೆ ಬೈಂಡಿಂಗ್‌ಗಿಂತ ದಂಡವೇ ಜಾಸ್ತಿ ಆಗುತ್ತದೆ. ಮೆಟ್ರೋದಲ್ಲಿ ಮಂಡಈಗೆ ಬಂದು ನಡೆದುಬಿಡಿ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್. ಇದು ಪುಣೆ, ಶಟರ್ ಬಡಿದರೂ ತೆಗೆಯುವುದಿಲ್ಲ.

ನಾನು ಧಾರವಾಡದವಳು, ಪುಣೆಗೆ ಬಂದು ಒಂಬತ್ತು ವರ್ಷ. ಒಂದು ಖಾಸಗಿ ಕಾಲೇಜಿನಲ್ಲಿ ಆಹಾರ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಪಿಎಚ್‌ಡಿ ವಿಷಯ ಜೋಳದ ಹಿಟ್ಟು. ಬೀಸಿದ ಹಿಟ್ಟು ಎಷ್ಟು ದಿನಕ್ಕೆ ಕಮಟು ಹಿಡಿಯುತ್ತದೆ, ಯಾಕೆ ಹಿಡಿಯುತ್ತದೆ, ಡಬ್ಬಿಯಲ್ಲಿಟ್ಟರೆ ಎಷ್ಟು, ಚೀಲದಲ್ಲಿಟ್ಟರೆ ಎಷ್ಟು. ನಮ್ಮ ಅಜ್ಜಿ ಮೂಸಿ ನೋಡಿ ಹೇಳುತ್ತಿದ್ದಳು, ನಾನು ಐದೂವರೆ ವರ್ಷ ತೆಗೆದುಕೊಂಡೆ.

ಕೆಳಗಿನ ಅಂಗಡಿ ನಡೆಸುವವರು ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಗಿರಾಕಿ ಜತೆ ಮರಾಠಿ, ಲೆಕ್ಕ ಮಾಡುವಾಗ ಬಾಯೊಳಗೆ ಕನ್ನಡ. "ಒಂದೂವರಿ, ಎರಡೂವರಿ" ಅಂತ ಗೊಣಗಿದ್ದು ಕೇಳಿಯೇ ನಾನು ಗುರುತು ಹಿಡಿದಿದ್ದು. ಅದಕ್ಕೆ ರಿಯಾಯಿತಿ ಏನೂ ಸಿಗಲಿಲ್ಲ. ಒಂದು ಸ್ಟೂಲ್ ಸಿಕ್ಕಿತು.

ಪುಣೇರಿ ಪಾಟಿ ಅಂದರೆ ಗೊತ್ತಲ್ಲ, ಇಲ್ಲಿನ ಅಂಗಡಿ ಮನೆಗಳ ಮುಂದೆ ನೇತಾಡುವ ಆ ಖಡಕ್ ಬೋರ್ಡುಗಳು. ಇಲ್ಲಿ ಕೌಂಟರ್ ಮೇಲೆ ಮೂರಿವೆ. ಒಂದರಲ್ಲಿ ದರ. ಕಪ್ಪು-ಬಿಳುಪು ಪುಟ ಒಂದೂವರೆ ರೂಪಾಯಿ, ಕಲರ್ ಎಂಟು, ಹಾರ್ಡ್ ಬೈಂಡಿಂಗ್ 320, ಬೆನ್ನ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಬೇಕಾದರೆ 40. ಎರಡನೆಯದರಲ್ಲಿ "ಅರ್ಜೆಂಟಿಗೆ 100 ರೂಪಾಯಿ ಹೆಚ್ಚು. ನಿಮ್ಮ ಅರ್ಜೆಂಟ್ ನಮ್ಮ ತಪ್ಪಲ್ಲ." ಮೂರನೆಯದು: "ದರ ಮೇಲೆ ಬರೆದಿದೆ. ಪಿಎಚ್‌ಡಿ ಮಾಡಿದವರಿಗೆ ಓದಲು ಬರುತ್ತದೆ ಎಂದು ನಂಬಿದ್ದೇವೆ." ಮೊದಲ ಸಲ ಓದಿದಾಗ ಸಿಟ್ಟು ಬಂತು. ಈಗ ಆ ಬೋರ್ಡಿನ ಮೇಲೆ ನನಗೆ ಎಂಥ ಪ್ರೀತಿ ಅಂದರೆ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಯಾಕೆ ಅನ್ನುವುದೇ ಈ ರಿವ್ಯೂ.

ನನ್ನ ಥೀಸಿಸ್ 214 ಪುಟ, ಅದರಲ್ಲಿ 31 ಕಲರ್. ಐದು ಪ್ರತಿ. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ, 4,412 ಚಿಲ್ಲರೆ ಬಂದಿತ್ತು. ಅವರು ಹೇಳಿದ್ದು 4,400. ಅಷ್ಟೇ. ಸುಮ್ನೆ ಕುತೂಹಲಕ್ಕೆ "ಒಂದು ಬೈಂಡಿಂಗಿಗೆ ನಿಮಗ ಎಷ್ಟ ಉಳಿತದ್ರಿ ಅಣ್ಣಾರ?" ಅಂತ ಕೇಳಿದೆ. ಬೇರೆಯವರಾದರೆ ಮಾತು ತೇಲಿಸುತ್ತಿದ್ದರು. ಇವರು ರೆಕ್ಸಿನ್ನಿಗೆ ಇಷ್ಟು, ರಟ್ಟಿಗೆ ಇಷ್ಟು, ಹಾಳೆ ಒತ್ತುವ ಹುಡುಗನಿಗೆ ಇಷ್ಟು ಅಂತ ಬೆರಳು ಮಡಚುತ್ತಾ ಹೋಗಿ "ಅರವತ್ತು ಎಪ್ಪತ್ತು ರೂಪಾಯಿ ಕೈಯಾಗ ಉಳಿತಾವ್ರಿ, ಕರೆಂಟ್ ಬಿಲ್ ತಗದ್ರ ಅದೂ ಇಲ್ಲ" ಅಂದರು.

ಮಾರನೇ ದಿನ ಬೆಳಿಗ್ಗೆ ಅವರದೇ ಫೋನ್. "ಅಕ್ಕಾರ, ನೂರಾ ಹನ್ನೆರಡ್ರ ಮುಂದ ನೂರಾ ಹದಿನಾಕ ಐತ್ರಿ. ಹದಿಮೂರು ಎಲ್ಲಿ ಹೋತು?" ಎದೆ ಧಸಕ್ ಅಂದಿತು. ಫೈಲ್ ಜೋಡಿಸುವಾಗ ನಾನೇ ಒಂದು ಪುಟ ಬಿಟ್ಟಿದ್ದೆ. ಹೊಲಿಗೆ ಹಾಕುವ ಮುಂಚೆ ಹೆಬ್ಬೆರಳಿನಲ್ಲಿ ಪ್ರತಿ ಪುಟದ ನಂಬರ್ ಸರಿಸಿ ನೋಡುವುದು ಅವರ ಅಭ್ಯಾಸವಂತೆ. ಅದಕ್ಕೆ ಬೋರ್ಡಿನಲ್ಲಿ ದರ ಇಲ್ಲ. ಅರ್ಧ ಸ್ಟಾರ್ ಕಡಿತ ಯಾಕೆಂದರೆ ಕನ್ನಡ ಫಾಂಟ್. ಅರ್ಪಣೆಯ ಪುಟದಲ್ಲಿ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ, ಅವರ ಕಂಪ್ಯೂಟರಿನಲ್ಲಿ ಅದು ಚೌಕ ಚೌಕ ಡಬ್ಬಿಗಳಾಗಿ ಬಂತು. ಮನೆಮಾತು ಕನ್ನಡ, ಕಂಪ್ಯೂಟರಿಗೆ ಗೊತ್ತಿಲ್ಲ. ಆ ಪುಟ ಚಿತ್ರ ಮಾಡಿಕೊಂಡು ತಂದುಕೊಡಬೇಕಾಯಿತು.

ಈಗ ಮೇಲಕ್ಕೆ ಹೋಗೋಣ. ಇದು ಎರಡು ವರ್ಷದ ಹಿಂದಿನ ಮಾತು. ಮೆಟ್ಟಿಲು ಕತ್ತಲು, ಬಾಗಿಲು ತೆಗೆದರೆ ಎಸಿ, ಸೋಫಾ, ನೀರಿನ ಬಾಟಲಿ. ಟೈ ಕಟ್ಟಿದ ಹುಡುಗ. ಅವನ ಬಾಯಲ್ಲಿ ಎಂಥ ಸಕ್ಕರೆ ಅಂತೀರಿ, ಮಾತಿಗೊಂದು "ಮ್ಯಾಮ್". ಗೋಡೆಯ ಮೇಲೆ ಗ್ಲೋಬ್ ಚಿತ್ರ, ಅದರ ಕೆಳಗೆ ಕಿತ್ತಳೆ ಬಣ್ಣದಲ್ಲಿ "ಓಪನ್ ಆಕ್ಸೆಸ್". ದರದ ಬೋರ್ಡ್ ಎಲ್ಲೂ ಇಲ್ಲ. ಕೇಳಿದರೆ "ನಿಮಗೆ ವಾಟ್ಸ್ಯಾಪ್ ಮಾಡುತ್ತೇನೆ ಮ್ಯಾಮ್". ಬಂದದ್ದು ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ಪ್ಯಾಕೇಜ್. ಸಿಲ್ವರ್‌ಗೆ 4,500, "ಯುಜಿಸಿ ಅಪ್ರೂವ್ಡ್, ಇಂಪ್ಯಾಕ್ಟ್ ಫ್ಯಾಕ್ಟರ್ 7 ಪಾಯಿಂಟ್ ಎಷ್ಟೋ". ಯುಜಿಸಿ ಅಂದರೆ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಆಯೋಗ, ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಒಂದು ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕ. ಪ್ಲಾಟಿನಂ "ಸ್ಕೋಪಸ್" (ಅದು ಜರ್ನಲ್‌ಗಳ ಒಂದು ದೊಡ್ಡ ಸೂಚಿ), ಇಪ್ಪತ್ತು ಸಾವಿರದ ಮೇಲೆ. ಇನ್ನೊಂದು ಸಾಲು ಕೆಳಗಿತ್ತು: ಬರೆಯಲು ಪುರಸೊತ್ತಿಲ್ಲದವರಿಗೆ ಬೇರೆಯವರ ಪೇಪರಿನಲ್ಲಿ ಎರಡನೇ ಲೇಖಕರ ಜಾಗ, ಆರು ಸಾವಿರ. ಬಸ್ಸಿನಲ್ಲಿ ಸೀಟು ಮಾರಿದ ಹಾಗೆ.

ನಾನು ಸಿಲ್ವರ್ ತೆಗೆದುಕೊಂಡೆ. ಮೋಸ ಹೋದೆ ಅಂತ ಹೇಳುವುದಿಲ್ಲ. ಅರ್ಧ ಗೊತ್ತಿತ್ತು. ಕಾಲೇಜಿನಲ್ಲಿ ವರ್ಷದ ಫಾರ್ಮ್ ತುಂಬುವ ಸಮಯ, "ಪಬ್ಲಿಕೇಷನ್" ಅನ್ನುವ ಕಾಲಂ ಖಾಲಿ ಇತ್ತು. ಪಿಎಚ್‌ಡಿ ಸಲ್ಲಿಸಲು ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದುಹಾಕಿದೆ. ಆದರೆ ಕೆಲಸಕ್ಕೆ, ಬಡ್ತಿಗೆ ಪೇಪರಿಗೆ ಅಂಕ ಕೊಡುವ ಪದ್ಧತಿ 2010ರ ಸುಮಾರಿಗೆ ಬಂದದ್ದು ಇನ್ನೂ ಎಲ್ಲರ ತಲೆಯಲ್ಲಿ ಕೂತಿದೆ. ಕಾಲಂ ಇದ್ದ ಕಡೆ ಅದನ್ನು ತುಂಬಿಸಿಕೊಡುವ ಅಂಗಡಿ ಹುಟ್ಟುತ್ತದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಂಗಳವಾರ ರಾತ್ರಿ ಪೇಪರ್ ಕಳಿಸಿದೆ. ಗುರುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಅಕ್ಸೆಪ್ಟ್ ಆದ ಮೇಲ್ ಬಂತು. ಇಬ್ಬರು ಅಂತರರಾಷ್ಟ್ರೀಯ ರಿವ್ಯೂಅರ್‌ಗಳು ಓದಿದ್ದಾರಂತೆ. ಒಬ್ಬರ ಅಭಿಪ್ರಾಯ "ಪೇಪರ್ ಚೆನ್ನಾಗಿದೆ". ಇನ್ನೊಬ್ಬರದು "ಚೆನ್ನಾಗಿದೆ, ವ್ಯಾಕರಣ ನೋಡಿಕೊಳ್ಳಿ". ಐದನೇ ದಿನ ಪ್ರಕಟ. ಹೊಲೊಗ್ರಾಂ ಅಂಟಿಸಿದ ಸರ್ಟಿಫಿಕೇಟ್ ಬೇಕಾದರೆ ಐನೂರು ಬೇರೆ.

ಪ್ರಕಟವಾದ ಪೇಪರ್ ತೆರೆದು ನೋಡಿದರೆ ಎರಡನೇ ಕೋಷ್ಟಕದಲ್ಲಿ ಹಿಟ್ಟಿನ ತೇವಾಂಶ ನೂರಕ್ಕೆ 112. ನಾನು ಬರೆದದ್ದು 11.2, ಜೋಡಿಸುವಾಗ ಚುಕ್ಕೆ ಹಾರಿಹೋಗಿದೆ. ನೂರು ಗ್ರಾಂ ಹಿಟ್ಟಿನಲ್ಲಿ 112 ಗ್ರಾಂ ನೀರು! ಅದು ಹಿಟ್ಟಲ್ಲ, ಅಂಬಲಿ. ಫೋನ್ ಮಾಡಿದೆ. ಸಕ್ಕರೆ ಬಾಯಿ ಹಾಗೇ ಇತ್ತು: "ಕರೆಕ್ಷನ್ ಚಾರ್ಜ್ 1,500 ಆಗುತ್ತದೆ ಮ್ಯಾಮ್". ಹಾಗಾದರೆ ಪೇಪರ್ ವಾಪಸ್ ತೆಗೆಯಿರಿ ಅಂದೆ. ಅದಕ್ಕೂ ಚಾರ್ಜ್ ಇದೆ, ಇನ್ನೂ ಜಾಸ್ತಿ. ಹಾಕಲು ದುಡ್ಡು, ತಿದ್ದಲು ದುಡ್ಡು, ತೆಗೆಯಲು ದುಡ್ಡು. ಇದು ಯಾವುದೂ ಆ ವಾಟ್ಸ್ಯಾಪ್ ಮೆಸೇಜಿನಲ್ಲಿ ಇರಲಿಲ್ಲ. ಕೆಳಗಿನವರ ಬೋರ್ಡ್ ನೆನಪಾದದ್ದು ಆಗಲೇ.

ಹನ್ನೊಂದು ತಿಂಗಳ ಮೇಲೆ ಗೈಡ್ ಲಿಂಕ್ ಕೇಳಿದರು. ಕಳಿಸುವ ಮುಂಚೆ ಒತ್ತಿ ನೋಡಿದೆ, ರಮ್ಮಿ ಆಡಲು ಕರೆಯುವ ಪುಟ ತೆರೆದುಕೊಂಡಿತು. ಜರ್ನಲ್ ವೆಬ್‌ಸೈಟಿನ ಬಾಡಿಗೆ ಕಟ್ಟಿರಲಿಲ್ಲ, ಹೆಸರು ಬೇರೆ ಯಾರೋ ಕೊಂಡಿದ್ದರು. ಓಪನ್ ಆಕ್ಸೆಸ್ ಅಂದರೆ ಯಾರು ಬೇಕಾದರೂ ಒಳಗೆ ಬಂದು ಓದಬಹುದು ಅಂತ. ಬಾಗಿಲೇನೋ ತೆರೆದೇ ಇತ್ತು, ಮನೆ ಇರಲಿಲ್ಲ.

ಇಷ್ಟಾದ ಮೇಲೆ ಯಾವ ಮೇಷ್ಟ್ರಾದರೂ ಮಾಡುವ ಕೆಲಸ ನಾನೂ ಮಾಡಿದೆ, ಅಂದರೆ ಕೂತು ಓದಿದೆ. ನಾನು ಅಂದುಕೊಂಡಿದ್ದು ಇದು ಎಬಿಸಿ ಗಲ್ಲಿಯ ಸಣ್ಣ ಕಳ್ಳಾಟ ಅಂತ. ಅಲ್ಲ. ಮೇಲಿನ ಅಂಗಡಿಯ ಹುಡುಗ ಯಾರ ಹತ್ತಿರ ಕಲಿತಿದ್ದಾನೋ ಅವರದು ಬಹಳ ದೊಡ್ಡ ಅಂಗಡಿ.

ಮೊದಲು ಹಳೇ ಪದ್ಧತಿ ನೋಡಿ. ಸಂಶೋಧನೆಗೆ ದುಡ್ಡು ಹೆಚ್ಚಾಗಿ ಸರ್ಕಾರದ್ದು. ಬರೆಯುವವರು ನಾವು, ಸಂಬಳ ಕಾಲೇಜಿನದು. ತಪ್ಪು ಹುಡುಕುವವರೂ ನಮ್ಮಂಥವರೇ, ಪುಕ್ಕಟೆಯಾಗಿ. ಆಮೇಲೆ ಅದೇ ಜರ್ನಲ್ ಓದಲು ನಮ್ಮ ಲೈಬ್ರರಿಯೇ ದುಡ್ಡು ಕಟ್ಟಬೇಕು. ಜೋಳ ನಮ್ಮದು, ಬೀಸಿದ್ದು ನಾವು, ರೊಟ್ಟಿ ಬಡಿದದ್ದೂ ನಾವು, ತಿನ್ನಬೇಕಾದರೆ ಬುಟ್ಟಿಯವನಿಗೆ ದುಡ್ಡು ಕೊಡಬೇಕು. ಬುಟ್ಟಿಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ ನಾನು. ಅಕ್ಷರ ತಿದ್ದುವುದು, ಜೋಡಿಸುವುದು, ನೂರು ವರ್ಷದ ಸಂಚಿಕೆಗಳನ್ನು ಕಳೆದುಹೋಗದ ಹಾಗೆ ಇಡುವುದು, ಇದೆಲ್ಲ ನಿಜವಾದ ಕೆಲಸ. ರಮ್ಮಿ ಪುಟ ನೋಡಿದವಳಿಗೆ ಆ ಬೆಲೆ ಚೆನ್ನಾಗಿ ಗೊತ್ತು. ಆದರೆ ಎಷ್ಟು ಬೆಲೆ? ಜರ್ನಲ್ ಹೊರತರುವ ದೊಡ್ಡ ಕಂಪನಿ ಎಲ್ಸೆವಿಯರ್‌ನ ಮಾತೃಸಂಸ್ಥೆ ರೆಲೆಕ್ಸ್ ತನ್ನ ವಾರ್ಷಿಕ ವರದಿಯಲ್ಲಿ ತಾನೇ ಹಾಕುವ ಲೆಕ್ಕದ ಪ್ರಕಾರ, ಈ ವಿಜ್ಞಾನ-ವೈದ್ಯಕೀಯ ವಿಭಾಗದಲ್ಲಿ 2023ರಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಸುಮಾರು 38 ರೂಪಾಯಿ ಲಾಭ. ಎಫ್‌ಸಿ ರೋಡಿನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ನಮ್ಮ ಪರಿಚಯದವರೊಬ್ಬರಿಗೆ ಇದನ್ನು ಹೇಳಿದೆ. ಅವರು ದೋಸೆ ಹಂಚು ಮರೆತು, "ಹಿಟ್ಟು, ತೆಂಗಿನಕಾಯಿ, ಅಡುಗೆ ಭಟ್ಟರ ಸಂಬಳ ಎಲ್ಲ ಗಿರಾಕಿಯೇ ತರುವುದಾ?" ಅಂತ ಕೇಳಿದರು. ಹೌದು ಮಾರಾಯರೇ, ಹಾಗೇ.

ಈ ವ್ಯಾಪಾರದಲ್ಲಿ ಇಷ್ಟು ದುಡ್ಡಿದೆ ಅಂತ ಬಹಳ ಮುಂಚೆಯೇ ಕಂಡುಕೊಂಡವರು ರಾಬರ್ಟ್ ಮ್ಯಾಕ್ಸ್‌ವೆಲ್, ಜರ್ನಲ್ ಹೊರತರುತ್ತಿದ್ದ ಪೆರ್ಗಮಾನ್ ಪ್ರೆಸ್ಸಿನವರು. 1991ರಲ್ಲಿ ಅದನ್ನು ಎಲ್ಸೆವಿಯರ್‌ಗೆ ಮಾರಿದ್ದು 44 ಕೋಟಿ ಪೌಂಡಿಗೆ. ಗುಟ್ಟೇನೂ ಇಲ್ಲ. ಒಂದು ಪೇಪರಿಗೆ ಬದಲಾಗಿ ಇನ್ನೊಂದು ಪೇಪರ್ ಓದಿದರೆ ನಡೆಯುವುದಿಲ್ಲ. ಒಂದು ಬ್ರ್ಯಾಂಡಿನ ಸೋಪಿಗೆ ದರ ಏರಿದರೆ ಇನ್ನೊಂದು ಕೊಳ್ಳುತ್ತೇವೆ. ಇಲ್ಲಿ ಆ ಆಟ ಇಲ್ಲ, ಲೈಬ್ರರಿ ಎರಡನ್ನೂ ಕೊಳ್ಳಲೇಬೇಕು.

ಅದೇ 1991ರಲ್ಲಿ ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅನ್ನುವ ಭೌತವಿಜ್ಞಾನಿ ಅರ್ಕೈವ್ ಅನ್ನುವ ಆನ್‌ಲೈನ್ ಪೇಪರ್ ಭಂಡಾರ ಶುರು ಮಾಡಿದರು. ಹಾಕಲು ದುಡ್ಡಿಲ್ಲ, ಓದಲು ದುಡ್ಡಿಲ್ಲ. ನಮ್ಮ ಗಣೇಶಖಿಂಡದ ಅಯೂಕಾದಂಥ ಜಾಗದಲ್ಲಿ ನಕ್ಷತ್ರ ಓದುವವರು ಬೆಳಿಗ್ಗೆ ದಿನಪತ್ರಿಕೆ ನೋಡುವ ಹಾಗೆ ಅದನ್ನು ನೋಡುತ್ತಾರೆ. ಆಮೇಲೆ 2002ರ ಬುಡಾಪೆಸ್ಟ್ ಘೋಷಣೆ. ಇಂಟರ್ನೆಟ್ ಬಂದಮೇಲೂ ಓದುವವರಿಗೆ ಯಾಕೆ ಬೀಗ, ತೆಗೆಯಿರಿ ಅಂತ. ಓಪನ್ ಆಕ್ಸೆಸ್ ಅನ್ನುವ ಮಾತು ಗಟ್ಟಿಯಾದದ್ದು ಅಲ್ಲಿಂದ. ಒಳ್ಳೆಯ ಮಾತು, ನಾನು ಇವತ್ತೂ ಅದರ ಪರ.

ಎಡವಟ್ಟಾದದ್ದು ಮುಂದೆ. ಓದುವವರು ಕೊಡದಿದ್ದರೆ ಯಾರು ಕೊಡಬೇಕು? ಬರೆಯುವವರು ಕೊಡಲಿ ಅಂತ ಆಯಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಲೈಬ್ರರಿ ದುಡ್ಡು ಕೊಡುವಾಗ ಜರ್ನಲ್ ಕೆಟ್ಟದಾದರೆ, ಕಷ್ಟಪಟ್ಟಾದರೂ ಸರಿ, ನಿಲ್ಲಿಸುವ ಅವಕಾಶ ಇತ್ತು. ಲೇಖಕರೇ ದುಡ್ಡು ಕೊಡುವ ಕಡೆ ಪ್ರತಿ ಪೇಪರನ್ನು ಒಪ್ಪಿಕೊಂಡಾಗಲೂ ಗಲ್ಲಾಪೆಟ್ಟಿಗೆ ತುಂಬುತ್ತದೆ, ಬೇಡ ಅಂದಾಗೆಲ್ಲ ಗಿರಾಕಿ ಎದ್ದು ಹೋಗುತ್ತಾನೆ. ಪರೀಕ್ಷೆ ಫೀಸನ್ನು ಪಾಸಾದವರಿಂದ ಮಾತ್ರ ವಸೂಲು ಮಾಡಿದರೆ ಫಲಿತಾಂಶ ಹೇಗಿರುತ್ತದೆ? ಹಾಗೆ. ದೊಡ್ಡ ಮನೆಗಳಲ್ಲಿ ಇದು ದರದ ರೂಪದಲ್ಲಿ ಕಾಣುತ್ತದೆ. ನೇಚರ್ ಪತ್ರಿಕೆ 2020ರಲ್ಲಿ ಹೇಳಿದ ದರ ಪೇಪರಿಗೆ 9,500 ಯೂರೋ, ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿ ಮೇಲೆ. ನನ್ನಂಥವಳ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಆದರೂ ಒಂದು ಮಾತು, ಅವರು ಅದನ್ನು ಬಹಿರಂಗವಾಗಿ ಹೇಳಿದರು. ಬೋರ್ಡ್ ಹಾಕಿದ್ದಾರೆ. ಬೈಯುವುದಾದರೂ ನೋಡಿಯೇ ಬೈಯಬಹುದು.

ಬೋರ್ಡ್ ಹಾಕದವರ ಕಥೆ ನಮ್ಮ ಹೈದರಾಬಾದಿನದು. ಓಮಿಕ್ಸ್ ಅನ್ನುವ ಪ್ರಕಾಶನ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕಿ, 2019ರಲ್ಲಿ ಅಲ್ಲಿನ ಕೋರ್ಟು ಐದು ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಹೇಳಿತು. ಆರೋಪ ಏನೇನು ಅಂದರೆ, ಪಿಯರ್ ರಿವ್ಯೂ (ಅದೇ ವಿಷಯ ಬಲ್ಲವರು ಪೇಪರ್ ಓದಿ ತಪ್ಪು ಹುಡುಕುವುದು) ಬಗ್ಗೆ ಸುಳ್ಳು ಹೇಳಿದ್ದು, ಮತ್ತೆ ಪೇಪರ್ ಒಪ್ಪಿಕೊಳ್ಳುವ ತನಕ ಫೀಸ್ ಎಷ್ಟು ಅಂತ ಮುಚ್ಚಿಟ್ಟಿದ್ದು. ಈ ಎರಡನೆಯದನ್ನು ಓದಿದಾಗ ನಾನು ಬಸ್ಸಿನಲ್ಲಿದ್ದೆ, ಒಬ್ಬಳೇ ನಕ್ಕೆ. ಸಣ್ಣ ಅಂಗಡಿ ದೊಡ್ಡ ಅಂಗಡಿ ಅನ್ನುವ ಭೇದವೂ ಉಳಿದಿಲ್ಲ. ವೈಲಿ ಅನ್ನುವ ಹಳೇ, ಗೌರವದ ಪ್ರಕಾಶಕರು 2021ರಲ್ಲಿ ಹಿಂದಾವಿ ಅನ್ನುವ ಓಪನ್ ಆಕ್ಸೆಸ್ ಪ್ರಕಾಶನವನ್ನು ಸುಮಾರು 30 ಕೋಟಿ ಡಾಲರ್ ಕೊಟ್ಟು ಕೊಂಡರು. 2023ರಲ್ಲಿ ಅದರ ಎಂಟು ಸಾವಿರಕ್ಕೂ ಹೆಚ್ಚು ಪೇಪರ್ ವಾಪಸ್ ತೆಗೆಯಬೇಕಾಯಿತು, ಕೊನೆಗೆ ಆ ಹೆಸರನ್ನೇ ಕೈಬಿಟ್ಟರು. ಬೋರ್ಡ್ ಬದಲಿಸುವುದು ಎಬಿಸಿ ಗಲ್ಲಿಯಲ್ಲಿ ಮಾತ್ರ ಅಲ್ಲ ನೋಡಿ.

ನಗು ಬರುವ ಇನ್ನೊಂದು ವಿಷಯ ಇದೆ. ಇಂಥ ಜರ್ನಲ್‌ಗಳನ್ನು ಕೂತು ಜಾಲಾಡಿದ್ದು ಈ ಗಲ್ಲಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ನಮ್ಮ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ. ಭೂಷಣ್ ಪಟವರ್ಧನ್ ಮತ್ತು ಅವರ ಜತೆಯವರು ಯುಜಿಸಿ ಒಪ್ಪಿದ ಪಟ್ಟಿಯನ್ನು ತೆಗೆದು ನೋಡಿದರು. ಅದರಲ್ಲಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಸೇರಿಸಿದ, ಬೇರೆ ಯಾವ ದೊಡ್ಡ ಸೂಚಿಯಲ್ಲೂ ಇಲ್ಲದ ಜರ್ನಲ್‌ಗಳಲ್ಲಿ ನೂರಕ್ಕೆ 88 ಕಳಪೆ ಇರಬಹುದು ಅಂತ 2018ರಲ್ಲಿ ಕರೆಂಟ್ ಸೈನ್ಸ್ ಅನ್ನುವ ಜರ್ನಲ್‌ನಲ್ಲಿ ಬರೆದರು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. 2019ರಲ್ಲಿ ಯುಜಿಸಿ-ಕೇರ್ ಅನ್ನುವ ಹೊಸ ಪಟ್ಟಿ ಬಂತು, ಅದರ ಕೆಲಸ ನಡೆದದ್ದು ಪುಣೆ ವಿಶ್ವವಿದ್ಯಾಲಯದಿಂದಲೇ. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಯಾವುದು ಸರಿ ಅಂತ ಕಾಲೇಜು, ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಲಿ ಅಂದರು. ಮೇಲಿನ ಅಂಗಡಿಯ ಪಾಂಪ್ಲೆಟ್ಟಿನಲ್ಲಿ ಮಾತ್ರ ಇನ್ನೂ "ಯುಜಿಸಿ ಅಪ್ರೂವ್ಡ್" ಅಂತಲೇ ಇದೆ. ಅಂಥ ಪಟ್ಟಿಯೇ ಈಗ ಇಲ್ಲ. ಯಾರಾದರೂ ಹಾಗೆ ಹೇಳಿಕೊಂಡರೆ ಅಲ್ಲಿಂದಲೇ ಮೆಟ್ಟಿಲಿಳಿಯಿರಿ.

ಓದುವವರ ಕಡೆಗೆ ಬಂದರೆ ಸರ್ಕಾರ ಒಂದು ರಾಷ್ಟ್ರ ಒಂದು ಚಂದಾ ಅನ್ನುವ ಯೋಜನೆ ತಂದಿದೆ. 2024ರ ನವೆಂಬರಿನಲ್ಲಿ ಒಪ್ಪಿಗೆ, 2025ರ ಜನವರಿಯಿಂದ ಶುರು. ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಸರ್ಕಾರಿ ಕಾಲೇಜಿನಲ್ಲಿರುವ ನನ್ನ ಗೆಳತಿಗೆ ಹಬ್ಬ. ಮೊದಲೆಲ್ಲ ಒಂದು ಪೇಪರಿಗಾಗಿ ಯಾರ್ಯಾರಿಗೋ ಮೆಸೇಜ್ ಮಾಡಿ ಬೇಡುತ್ತಿದ್ದವಳು ಈಗ ನನಗೇ ಕಳಿಸುತ್ತಾಳೆ. ಮೊದಲ ಹಂತದಲ್ಲಿ ಸೇರಿದ್ದು ಸರ್ಕಾರಿ ಸಂಸ್ಥೆಗಳು, ಆದ್ದರಿಂದ ನಮ್ಮಂಥ ಖಾಸಗಿ ಕಾಲೇಜಿನವರು ಸದ್ಯ ಹೊರಗೆ. ಬೇಡ ಅನ್ನುವವಳಲ್ಲ ನಾನು, ಆದರೆ ಒಂದು ಕಿರಿಕಿರಿ ಇದೆ. ಇಷ್ಟು ದುಡ್ಡು ಕೊಟ್ಟು ಸಿಕ್ಕಿದ್ದು ಬೀಗದ ಕೈಯ ಒಂದು ನಕಲು. ಬೀಗ ಹಾಗೇ ಇದೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಆ ಯಾರದೋ ಅಂದರೆ ಇಲ್ಲಿ ನಾವೇ. ಇನ್ನು ಬೀಗ ಹಾಕಿದ ಪೇಪರ್‌ಗಳನ್ನು ಪ್ರಕಾಶಕರ ಒಪ್ಪಿಗೆ ಇಲ್ಲದೆ ಪುಕ್ಕಟೆ ಕೊಡುವ, ಎಲ್ಲರೂ ಬಳಸಿಯೂ ಯಾರೂ ಹೇಳದ ಸೈ-ಹಬ್ ಸೈಟು ಇದೆಯಲ್ಲ, ಅದನ್ನು ದಿಲ್ಲಿ ಹೈಕೋರ್ಟು 2025ರ ಆಗಸ್ಟಿನಲ್ಲಿ ಬ್ಲಾಕ್ ಮಾಡಿಸಿತು. ಅದರ ಬಗ್ಗೆ ಇಷ್ಟೇ.

ಹಾಗಾದರೆ ಪೇಪರ್ ಎಲ್ಲಿ ಹಾಕಬೇಕು? ನಿಮ್ಮಲ್ಲಿ ಯಾರಾದರೂ ಎಬಿಸಿಗೆ ಬರುವ ಮುಂಚೆ ಇದನ್ನು ಓದುತ್ತಿದ್ದರೆ ಅಂತ ಬರೆಯುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಬಿಟ್ಟಿರುವವೇ ಎಷ್ಟೋ ಇವೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್‌ಗಳು ಲೇಖಕರಿಂದ ದುಡ್ಡು ಕೇಳುವುದಿಲ್ಲ, ಅಕಾಡೆಮಿಯ ಸೈಟಿನಲ್ಲಿ ಓದಲು ಪುಕ್ಕಟೆ. ನಮ್ಮ ಕ್ಷೇತ್ರದ್ದೊಂದು ಮೈಸೂರಿನದು, ಸಿಎಫ್‌ಟಿಆರ್‌ಐ ಆವರಣದಲ್ಲಿರುವ ಆಹಾರ ವಿಜ್ಞಾನಿಗಳ ಸಂಘದ ಜರ್ನಲ್, ಹೊರತರುವುದು ಸ್ಪ್ರಿಂಗರ್ ಅನ್ನುವ ವಿದೇಶಿ ಪ್ರಕಾಶಕರು. ಅಲ್ಲಿ ಸಾಮಾನ್ಯ ದಾರಿಯಲ್ಲಿ ಹೋದರೆ ಬರೆಯುವವರಿಗೆ ಖರ್ಚಿಲ್ಲ. ಓದುವವರಿಗೆ ಬೀಗ. ಬೀಗ ಬೇಡ ಅಂದರೆ ನಮ್ಮ ಕಿಸೆಯಿಂದ ದೊಡ್ಡ ಮೊತ್ತ. ಈ ಹಗ್ಗದ ಮೇಲೇ ನಾವೆಲ್ಲ ನಡೆಯುತ್ತಿರುವುದು.

ಓಪನ್ ಆಕ್ಸೆಸ್ ಜರ್ನಲ್ ಆದರೆ ಡಿಒಎಜೆ ಅನ್ನುವ ಅಂಥ ಜರ್ನಲ್‌ಗಳ ಸೂಚಿಯಲ್ಲಿ ಅದರ ಹೆಸರು ಇದೆಯಾ ನೋಡಿ. ಐಎಸ್‌ಎಸ್‌ಎನ್ ಅನ್ನುವ ಗುರುತಿನ ಸಂಖ್ಯೆ ಇದೆ ಅಂತ ಮರುಳಾಗಬೇಡಿ, ಅದು ಗಾಡಿ ನಂಬರ್ ಪ್ಲೇಟ್ ಇದ್ದ ಹಾಗೆ, ಡ್ರೈವರ್ ಕುಡಿದಿದ್ದಾನೋ ಇಲ್ಲವೋ ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಕ್ಲಾರಿವೇಟ್ ಅನ್ನುವ ಕಂಪನಿ. ಬೇರೆ ಯಾರದೋ ಮುದ್ರೆಯ 7, 8 ಎಲ್ಲ ಸುಮ್ನೆ. ಸ್ಕೋಪಸ್ ಅಂದರೆ ಸ್ಕೋಪಸ್‌ನ ಸ್ವಂತ ಸೈಟಿನಲ್ಲೇ ಹುಡುಕಿ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಅಸಲಿ ಜರ್ನಲ್ ಹೆಸರಿನಲ್ಲೇ ನಕಲಿ ಸೈಟು ಮಾಡುವವರಿದ್ದಾರೆ. ಎಲ್ಲಕ್ಕಿಂತ ಮೊದಲು ಫೀಸ್ ಎಷ್ಟು ಅಂತ ಅವರ ಸೈಟಿನಲ್ಲೇ ಬರೆದಿದೆಯಾ ನೋಡಿ. ವಾಟ್ಸ್ಯಾಪ್ ಮಾಡುತ್ತೇನೆ ಅಂದರೆ ಮುಗಿಯಿತು.

ಅದೇ ಜೋಳದ ಹಿಟ್ಟಿನ ಕೆಲಸದ ಇನ್ನೊಂದು ಭಾಗವನ್ನು ನಾನು ದುಡ್ಡು ಕೇಳದ ಬೇರೆ ಜರ್ನಲ್‌ಗೆ ಕಳಿಸಿದೆ. ಏಳು ತಿಂಗಳು ಹಿಡಿಯಿತು. ಯಾರೋ ಹೆಸರು ಗೊತ್ತಿಲ್ಲದ ರಿವ್ಯೂಅರ್ ಹನ್ನೊಂದು ಪ್ರಶ್ನೆ ಹಾಕಿದ್ದರು, ನಾಲ್ಕನೆಯದು ಓದಿ ಅತ್ತುಬಿಟ್ಟೆ. ಕಮಟು ವಾಸನೆಗೆ ಮೊಳಕೆ ಭಾಗದ ಕೊಬ್ಬು ಕಾರಣ ಅನ್ನುತ್ತೀರಿ, ಮೊಳಕೆ ತೆಗೆದು ಬೀಸಿದ ಹಿಟ್ಟನ್ನು ಇಟ್ಟು ನೋಡಿದ್ದೀರಾ? ನೋಡಿರಲಿಲ್ಲ. ಮತ್ತೆ ಮೂರು ತಿಂಗಳು ಡಬ್ಬಿಗಳು, ಚೀಲಗಳು. ಅವರು ಹೇಳಿದ್ದು ಸರಿ ಇತ್ತು, ಪೇಪರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಚಿತ್ರ ಅದೇ. ಅದಕ್ಕೆ ಅವರಿಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಪುಟ 113 ಹುಡುಕಿದ ಅಣ್ಣನವರಿಗೂ ಕೊಟ್ಟಿಲ್ಲ, ನಾನೇ ಒಂದು ಕಟ್ಟು ಶೇಂಗಾ ಹೋಳಿಗೆ ಒಯ್ದುಕೊಟ್ಟೆ.

ಐದು ಪ್ರತಿಗಳ ಗತಿ ಏನಾಯಿತು ಅಂದರೆ, ಲೈಬ್ರರಿಗೆ ಹೋದ ಪ್ರತಿ ಬೀರುವಿನಲ್ಲಿದೆ, ಯಾರೂ ತೆಗೆಯುವುದಿಲ್ಲ. ಪಿಡಿಎಫ್ ಶೋಧಗಂಗಾಕ್ಕೆ ಹೋಗುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಥೀಸಿಸ್ ಭಂಡಾರ ಅದು. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಅದರಲ್ಲಿ ತೇವಾಂಶ 11.2 ಅಂತಲೇ ಇದೆ, ನಾನೇ ಮೂರು ಸಲ ನೋಡಿದ್ದೇನೆ.

ಮೊನ್ನೆ ಮೇಲಿನ ಹುಡುಗನಿಂದ ಮತ್ತೆ ಮೆಸೇಜ್. ಹೃದ್ರೋಗದ ಒಂದು ಜರ್ನಲ್ ಶುರು ಮಾಡುತ್ತಿದ್ದಾರಂತೆ, ನನ್ನನ್ನು ಸಂಪಾದಕ ಮಂಡಳಿಗೆ ಸೇರಿಸಿಕೊಳ್ಳುತ್ತಾರಂತೆ, ಸರ್ಟಿಫಿಕೇಟ್ ಚಾರ್ಜ್ 999. ಹೃದಯದ ಬಗ್ಗೆ ನನಗೆ ಗೊತ್ತಿರುವುದು ಪುಟ ಕಾಣೆಯಾದರೆ ಧಸಕ್ ಅನ್ನುತ್ತದೆ ಅಂತ ಮಾತ್ರ. ಉತ್ತರ ಕೊಡಲಿಲ್ಲ, ಕೆಳಗಿನ ಅಂಗಡಿಯ ಮೂರನೇ ಬೋರ್ಡಿನ ಫೋಟೋ ಕಳಿಸಿದೆ.

ಕೆಳಗೆ ಹೋಗುವವರು ಚಿಲ್ಲರೆ ತೆಗೆದುಕೊಂಡು ಹೋಗಿ. ಭಾನುವಾರ ರಜ. ಕಲರ್ ಪುಟಗಳ ನಂಬರನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟರೆ ಬೈಯುವುದು ಸ್ವಲ್ಪ ಕಡಿಮೆ.